ಎನ್ನಲಾಗಿದೆ

ಪತ್ರಿಕೋದ್ಯಮ ಓದಿದವರಿಗೆ ನೆಂಟರು ಕೇಳೋ ಪ್ರಶ್ನೆಗಳು ಮೂರೇ ಮೂರು. ಒಂದು, "ಟೀವಿಲಿ ಯಾವಾಗ ಬರ್ತೀಯಾ?" ಎರಡು, "ಪೇಪರ್‌ನೋರಿಗೆ ಬಸ್ ಫ್ರೀಯಂತೆ, ಹೌದಾ?" ಮೂರನೇದನ್ನ ನನ್ನ ಹತ್ರ ಕೇಳಲ್ಲ. ಅಮ್ಮನ್ನ ಅಡುಗೆಮನೆ ಬಾಗಿಲಿಗೆ ಕರೆದು ಪಿಸುಗುಟ್ಟುತ್ತಾರೆ, "ರಾತ್ರಿ ಎಷ್ಟೊತ್ತಿಗೆ ಮನೆ ಸೇರ್ತಾಳೆ?" ಹತ್ತು ವರ್ಷ ಕಳೆದ ಮೇಲೂ ಪ್ರಶ್ನೆಪತ್ರಿಕೆ ಬದಲಾಗಿಲ್ಲ. ಮೊದಲನೇದಕ್ಕೆ ಮಾತ್ರ ಸಣ್ಣ ತಿದ್ದುಪಡಿ ಬಂದಿದೆ, ಈಗ "ನೀನೇ ಒಂದು ಯೂಟ್ಯೂಬ್ ಚಾನೆಲ್ ಯಾಕೆ ಮಾಡಬಾರದು?" ಅಂತಾರೆ :-)

ನಾನು ಮೈಸೂರಲ್ಲಿ ಎರಡು ವರ್ಷ ಪತ್ರಿಕೋದ್ಯಮದ ಎಂ.ಎ. ಓದಿ ಹೊರಗೆ ಬಂದಿದ್ದು 2015ರ ಮೇ ತಿಂಗಳಲ್ಲಿ. ನಮ್ಮ ಬ್ಯಾಚಲ್ಲಿ 22 ಜನ ಇದ್ವಿ. ಇವತ್ತು ಲೆಕ್ಕ ಹಾಕಿದ್ರೆ ಸುದ್ದಿಯ ಕೆಲಸದಲ್ಲಿ ಉಳಿದಿರೋರು ಮೂರು ಜನ. ಒಬ್ಬ ಎಫ್‌ಡಿಎ ಪಾಸಾಗಿ ತಾಲ್ಲೂಕು ಕಚೇರಿಯಲ್ಲಿ ಕೂತಿದ್ದಾನೆ, ಇಬ್ಬರು ಕಾಲೇಜಲ್ಲಿ ಅತಿಥಿ ಉಪನ್ಯಾಸಕರು, ಒಬ್ಬಳು ಧಾರಾವಾಹಿಗೆ ಸಂಭಾಷಣೆ ಬರೀತಾಳೆ. ನಾಲ್ಕೈದು ಜನ ಬೆಂಗಳೂರಿನ ಕಂಪನಿಗಳಲ್ಲಿ "ಕಂಟೆಂಟ್" ಅನ್ನೋ ಕೆಲಸದಲ್ಲಿದ್ದಾರೆ. ಅವರಿಗೆಲ್ಲ ನನಗಿಂತ ಒಳ್ಳೆ ಸಂಬಳ, ಭಾನುವಾರ ರಜೆ. ಹೊಟ್ಟೆಕಿಚ್ಚಿಲ್ಲ. ಭಾನುವಾರದ ರಜೆ ವಿಷಯಕ್ಕೆ ಸ್ವಲ್ಪ ಇದೆ...

ಓದುವಾಗ ಏನು ಕಲಿತ್ವಿ ಅಂತ ಜನ ಕೇಳ್ತಾರೆ. ತಮಾಷೆ ಮಾಡೋದು ಸುಲಭ, ಆದ್ರೆ ಕಲಿತಿದ್ದು ಸುಳ್ಳಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ', 1843ರ ಜುಲೈ 1, ಹರ್ಮನ್ ಮೊಗ್ಲಿಂಗ್. ಇದು ಗೊತ್ತಿಲ್ಲದೆ ನಮ್ಮಲ್ಲಿ ಯಾರೂ ಪಾಸಾಗಿಲ್ಲ. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸೋಕೆ ಶುರು ಮಾಡಿದ ನಾಡಿಗ ಕೃಷ್ಣಮೂರ್ತಿಯವರ ಹೆಸರನ್ನ ಮೊದಲ ವಾರದಲ್ಲೇ ಕೇಳಿದ್ವಿ. ತಲೆಕೆಳಗಾದ ಪಿರಮಿಡ್ಡು, ಅಂದ್ರೆ ಮುಖ್ಯವಾದದ್ದು ಮೇಲೆ, ಕತ್ತರಿಸಿದ್ರೂ ನಷ್ಟವಿಲ್ಲದ್ದು ಕೆಳಗೆ. ಆಮೇಲೆ ಆ ಆರು ಪ್ರಶ್ನೆಗಳು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಮೇಷ್ಟ್ರು ಬೋರ್ಡಿನ ಮೇಲೆ ಆರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆದಿದ್ರು. ನಾವೂ ನೋಟ್ಸಲ್ಲಿ ಹಾಗೇ ಬರ್ಕೊಂಡಿದ್ವಿ. ಆರರಲ್ಲಿ ಒಂದು ಮಾತ್ರ ಉಳಿದ ಐದರ ಥರ ಅಲ್ಲ ಅನ್ನೋದು ಗೊತ್ತಾಗಿದ್ದು ಮಂಡ್ಯದಲ್ಲಿ. ಇವತ್ತು ಅದನ್ನೇ ಹೇಳಬೇಕು.

ಒಂದು ಕನ್ನಡ ದಿನಪತ್ರಿಕೆಯ ಮಂಡ್ಯ ಕಚೇರಿಗೆ ನನ್ನನ್ನ ವರದಿಗಾರ್ತಿ ಅಂತ ತಗೊಂಡ್ರು. ಕಚೇರಿ ಅಂದ್ರೆ ಔಷಧಿ ಅಂಗಡಿ ಮೇಲಿನ ಎರಡು ಕೋಣೆ, ಮೂರು ಕಂಪ್ಯೂಟರ್, ಒಂದು ಫ್ಯಾಕ್ಸ್ ಮಿಷನ್ನು (ಕೆಟ್ಟಿತ್ತು), ಗೋಡೆಗೆ ಜಿಲ್ಲೆಯ ನಕ್ಷೆ. ಕೈಗೆ 11 ಸಾವಿರ. ಪತ್ರಕರ್ತರ ವೇತನದ ಬಗ್ಗೆ ಮಜೀಥಿಯಾ ಮಂಡಳಿ ಮಾಡಿದ್ದ ಶಿಫಾರಸನ್ನ ಕೇಂದ್ರ ಸರ್ಕಾರ 2011ರಲ್ಲೇ ಅಧಿಸೂಚನೆ ಮಾಡಿತ್ತು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಅದನ್ನ ನಾವು ಪರೀಕ್ಷೆಗೂ ಓದಿದ್ವಿ. ಆದ್ರೆ ನನ್ನ ಕೈಗೆ ಕೊಟ್ಟ ಕಾಗದದಲ್ಲಿ "ಗುತ್ತಿಗೆ" ಅನ್ನೋ ಪದ ಇತ್ತು. ಓದಿದ್ದಕ್ಕೂ ಸಿಕ್ಕಿದ್ದಕ್ಕೂ ಇರೋ ಅಂತರ ಒಂದೇ ಪದದಲ್ಲಿ ಮುಗಿದಿತ್ತು.

ಮೊದಲ ತಿಂಗಳು ನನಗೆ ಕೊಟ್ಟ ಕೆಲಸ ಏನು ಗೊತ್ತಾ? ಕೆಆರ್‌ಎಸ್ ನೀರಿನ ಮಟ್ಟ. ದಿನಾ ಫೋನ್ ಮಾಡಿ ಕೇಳಿ ಬರ್ಕೋಬೇಕು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ನಾಲ್ಕು ಸಾಲು. ಎಂ.ಎ. ಮಾಡಿ ಅಣೆಕಟ್ಟೆಯ ಲೆಕ್ಕ ಬರೆಯೋದಾ ಅಂತ ಗೆಳತಿಗೆ ಫೋನ್ ಮಾಡಿ ಗೊಣಗಿದ್ದೆ. ಆಮೇಲೆ ಒಂದು ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ಟೀ ಕುಡೀತಾ ನೋಡ್ತೀನಿ, ಪಕ್ಕದ ಟೇಬಲ್ಲಿನ ಯಜಮಾನರು ಪೇಪರ್ ಬಿಡಿಸಿದವರೇ ಮುಖಪುಟದ ರಾಜಕೀಯ ಬಿಟ್ಟು ಸೀದಾ ಆ ನಾಲ್ಕು ಸಾಲಿಗೆ ಹೋದ್ರು. ಬೆರಳಿಟ್ಟು ಓದಿದ್ರು. ಎದುರಿಗಿದ್ದವರಿಗೆ "ಅರ್ಧ ಅಡಿನೂ ಬಂದಿಲ್ಲ ಕಣಪ್ಪ" ಅಂದ್ರು. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ನನ್ನ ಹೆಸರಿಲ್ಲದ ನಾಲ್ಕು ಸಾಲನ್ನ ಇಡೀ ಜಿಲ್ಲೆ ಓದುತ್ತಿತ್ತು!

ಎರಡನೇ ಪಾಠ ಟೈಪಿಂಗಿನದು. ಮನೆಯಲ್ಲಿ ನಾನು ಬರಹದಲ್ಲಿ ಯೂನಿಕೋಡ್ ಕುಟ್ಟಿ ಅಭ್ಯಾಸ, ಆಫೀಸಲ್ಲಿ ನುಡಿ. ಯೂನಿಕೋಡಲ್ಲಿ ಬರೆದು ಕಳಿಸಿದ್ರೆ ಪುಟ ಕಟ್ಟೋರ ಕಂಪ್ಯೂಟರಲ್ಲಿ ಅದು ಚೌಕ ಚೌಕ ಆಗಿ ಬೀಳ್ತಿತ್ತು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಈ ಕಷ್ಟ ಗೊತ್ತಿರುತ್ತೆ, ವಿವರಿಸಲ್ಲ.

ಮೂರನೇ ಪಾಠ ಪೇಪರಿನ ಕನ್ನಡ. ಇದು ಯಾರ ಮನೆಯಲ್ಲೂ ಆಡದ ಕನ್ನಡ. ನಮ್ಮೂರಲ್ಲಿ ಯಾರಾದ್ರೂ ತೀರಿಕೊಂಡ್ರೆ "ಹೋಗ್ಬುಟ್ರು" ಅಂತಾರೆ, ಪೇಪರಲ್ಲಿ "ಸ್ಥಳದಲ್ಲೇ ಮೃತಪಟ್ಟಿದ್ದಾರೆ". ಮನೆಯಲ್ಲಿ ಜಗಳ, ಪೇಪರಲ್ಲಿ "ಮಾತಿನ ಚಕಮಕಿ". ಸಭೆಗೆ ಯಾರೂ ಬರದಿದ್ರೆ "ನೀರಸ ಪ್ರತಿಕ್ರಿಯೆ". ಮಳೆ ಬಂದ್ರೆ "ಜನಜೀವನ ಅಸ್ತವ್ಯಸ್ತ". ಈ ಕನ್ನಡವನ್ನ ಎರಡು ವಾರದಲ್ಲಿ ಕಲೀಬಹುದು. ಮರೆಯೋಕೆ ಮಾತ್ರ ಹತ್ತು ವರ್ಷ ಸಾಲಲ್ಲ.

ಈ ಪದಗಳ ರಾಜ ಅಂದ್ರೆ "ಎನ್ನಲಾಗಿದೆ".

ನಮ್ಮ ಹಿರಿಯ ವರದಿಗಾರರು ಮೊದಲ ವಾರವೇ ಹೇಳಿದ್ರು. "ನೋಡಮ್ಮ, ನೀನು ಕಣ್ಣಾರೆ ಕಂಡಿದ್ದು, ಕಾಗದದಲ್ಲಿ ಇರೋದು, ಇಂಥವರು ಹೇಳಿದ್ರು ಅಂತ ಹೆಸರು ಹಾಕೋಕೆ ಆಗೋದು, ಈ ಮೂರನ್ನ ಬಿಟ್ಟು ಬೇರೆ ಏನೇ ಬರೆದ್ರೂ ಕೊನೇಲಿ ಎನ್ನಲಾಗಿದೆ ಅಂತ ಹಾಕು. ಅದು ನಮ್ಮ ಹೆಲ್ಮೆಟ್ಟು." ಸರಿಯಾದ ಮಾತೇ. ಇವತ್ತು ನಾನು ಹೊಸಬರಿಗೆ ಹೇಳಿಕೊಡೋದೂ ಅದನ್ನೇ. ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನೋ ಹಾಗೆ ಬರೆಯೋದಕ್ಕಿಂತ ಆ ಪದ ಸಾವಿರ ಪಾಲು ಮೇಲು.

ಆದ್ರೆ ಸ್ವಲ್ಪ ದಿನದಲ್ಲೇ ಒಂದು ವಿಷಯ ಗಮನಕ್ಕೆ ಬಂತು. ಯಾರು, ಏನು, ಎಲ್ಲಿ, ಯಾವಾಗ ಇವು ಪೊಲೀಸ್ ಠಾಣೆಯ ಕಾಗದದಲ್ಲೇ ಸಿಗ್ತವೆ. ಹೇಗೆ ಅನ್ನೋದು ಆಸ್ಪತ್ರೆಯಲ್ಲಿ ಸಿಗುತ್ತೆ. ಏಕೆ ಅನ್ನೋದು ಮಾತ್ರ ಎಲ್ಲೂ ಸಿಗಲ್ಲ. ಹಾಗಾಗಿ "ಏಕೆ" ಬರೋ ವಾಕ್ಯದಲ್ಲೆಲ್ಲ "ಎನ್ನಲಾಗಿದೆ" ಬಂದು ಕೂರುತ್ತೆ. ಬೇಕಾದ್ರೆ ನಾಳೆಯ ಪೇಪರಲ್ಲಿ ನೋಡಿ.

2015ರ ಜೂನ್, ಜುಲೈ ನೆನಪಿದೆಯಲ್ವಾ? ಮಂಡ್ಯ ಜಿಲ್ಲೆಯಿಂದ ರೈತರ ಆತ್ಮಹತ್ಯೆಯ ಸುದ್ದಿಗಳು ಒಂದರ ಹಿಂದೆ ಒಂದು ಬರ್ತಿದ್ದ ಕಾಲ. ಕಾರ್ಖಾನೆಗಳಿಂದ ಕಬ್ಬಿನ ಬಾಕಿ ಬಂದಿರಲಿಲ್ಲ. ಕಟಾವಿಗೆ ಬಂದ ಕಬ್ಬು ಗದ್ದೆಯಲ್ಲೇ ಒಣಗ್ತಿತ್ತು. ಆಲೆಮನೆಗೆ ಹಾಕೋಣ ಅಂದ್ರೆ ಬೆಲ್ಲದ ಬೆಲೆ ಬಿದ್ದಿತ್ತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದ ಪ್ರಕಾರ ಆ ಒಂದು ವರ್ಷ ಕರ್ನಾಟಕದಲ್ಲಿ ಕೃಷಿಯನ್ನ ನಂಬಿದ್ದ 1,569 ಜನ ಹೀಗೆ ಹೋದ್ರು. ಅವರಲ್ಲಿ ರೈತರು 1,197, ಕೃಷಿ ಕಾರ್ಮಿಕರು 372. ಈ ಅಂಕಿ ಬಂದಿದ್ದು ಆಮೇಲೆ. ಆಗ ನಮಗೆ ಬರ್ತಿದ್ದಿದ್ದು ಅಂಕಿ ಅಲ್ಲ, ಫೋನು. ಬೆಳಿಗ್ಗೆ ಆರಕ್ಕೆ, ಏಳಕ್ಕೆ.

ಮದ್ದೂರು ಕಡೆಯ ಒಬ್ಬ ಅರೆಕಾಲಿಕ ವರದಿಗಾರರು ನನ್ನ ಗುರು. ಎಲ್ಲರೂ ಅವರನ್ನ ಮೇಷ್ಟ್ರು ಅಂತಿದ್ರು, ಪಾಠ ಮಾಡಿದ್ದು ಯಾವಾಗಲೋ ಗೊತ್ತಿಲ್ಲ. ಬೆಳಿಗ್ಗೆ ಪೇಪರ್ ಏಜೆನ್ಸಿ, ಮಧ್ಯಾಹ್ನ ಎಲ್‌ಐಸಿ, ಸಂಜೆ ಸುದ್ದಿ. ಬೈಲೈನ್ ಇಲ್ಲ, ಸಂಬಳ ಅಂತ ಹೇಳೋಕಾಗದಷ್ಟು ಸಂಬಳ. ಆದ್ರೆ ತಾಲ್ಲೂಕಿನ ಯಾವ ಊರಲ್ಲಿ ಯಾವ ನಾಲೆಯ ತೂಬು ಕೆಟ್ಟಿದೆ ಅನ್ನೋದು ಕೂಡ ಅವರಿಗೆ ಬಾಯಲ್ಲೇ. ಅವರು ಕಲಿಸಿದ ಮೊದಲ ಪಾಠ ಯಾವ ಪುಸ್ತಕದಲ್ಲೂ ಇಲ್ಲ. "ಸತ್ತವರ ಮನೇಲಿ ಫೋಟೊ ಕೊಟ್ರೆ ಕೈಲಿಟ್ಕೊಂಡು ಬರಬೇಡಿ. ಅಲ್ಲೇ ಮೊಬೈಲಲ್ಲಿ ತೆಗೆದು ವಾಪಸ್ ಕೊಡಿ. ಎಷ್ಟೋ ಮನೇಲಿ ಅದೊಂದೇ ಫೋಟೊ ಇರೋದು." ಆಗೆಲ್ಲ ಇಂಥ ಸುದ್ದಿಗೆ ಫೋಟೊ ಇರಲೇಬೇಕಿತ್ತು. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ತಂದ ಮೇಲೆ ಫೋಟೊ ಬೇಡ, ವಿಧಾನ ವಿವರಿಸೋದು ಬೇಡ, ದೊಡ್ಡದಾಗಿ ಎದ್ದು ಕಾಣೋ ಹಾಗೆ ಹಾಕೋದು ಬೇಡ ಅನ್ನೋದು ನಿಯಮ. ಈಗ ನಾವು ಸುದ್ದಿಯ ಕೊನೆಗೆ ಟೆಲಿ ಮಾನಸ್ ಸಹಾಯವಾಣಿಯ 14416 ಹಾಕ್ತೀವಿ. 2015ರಲ್ಲಿ ಅದು ಇರಲಿಲ್ಲ, 2022ರಲ್ಲಿ ಶುರುವಾಗಿದ್ದು.

ಜುಲೈನಲ್ಲಿ ಒಂದು ಬೆಳಿಗ್ಗೆ ಮೇಷ್ಟ್ರ ಬೈಕಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಒಂದು ಊರಿಗೆ ಹೋದ್ವಿ. ಕೊನೇ ಭಾಗ ಅಂದ್ರೆ ಮಳೆ ಚೆನ್ನಾಗಿ ಆದ ವರ್ಷವೂ ನೀರು ತಲುಪಿದ್ರೆ ತಲುಪಿತು ಅನ್ನೋ ಜಾಗ. ಹೋದವರಿಗೆ ಮೂವತ್ತೆಂಟು ವರ್ಷ. ಜಗಲಿ ಮೇಲೆ ಊರಿನ ಮುಖಂಡರು, ಎರಡು ಟೀವಿಯವರು, ಒಬ್ಬ ನಾಯಕರು ಬರ್ತಾರೆ ಅಂತ ಕುರ್ಚಿ ಹಾಕ್ತಿದ್ದ ಹುಡುಗರು. ಗಂಡಸರೆಲ್ಲ ಹೊರಗೆ ಮಾತಾಡ್ತಿದ್ರು. ಹೆಣ್ಣುಮಗಳು ಅಂತ ನನ್ನನ್ನ ಒಳಗೆ ಬಿಟ್ರು. ಒಳಗೆ ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ರು. ಪಕ್ಕದಲ್ಲಿದ್ದ ಅತ್ತೆ ನನ್ನ ಕೈ ಹಿಡಿದು, "ಇವತ್ತು ಏನೂ ಕೇಳ್ಬ್ಯಾಡ ಕಣವ್ವ" ಅಂದ್ರು. ನಾನು ಕೇಳಲಿಲ್ಲ. ಅವತ್ತು ಕೇಳಬಾರದು ಅನ್ನೋದು ಈಗಲೂ ನನ್ನ ನಂಬಿಕೆ.

ಜಗಲಿಯ ಮಾತು, ಠಾಣೆಯ ಕಾಗದ ಸೇರಿಸಿ ಸುದ್ದಿ ಆಯ್ತು. ಒಂದು ಕಾಲಂ, ಮೂರು ಇಂಚು. ಕೊನೇ ವಾಕ್ಯ: "ಕಬ್ಬು ಬೆಳೆಯಲು ಸುಮಾರು 3 ಲಕ್ಷ ರೂ. ಸಾಲ ಮಾಡಿದ್ದರು ಎನ್ನಲಾಗಿದೆ." ಮಾರನೇ ದಿನ ಬೇರೆ ಊರು, ಬೇರೆ ಮನೆ.

ಆ ವರ್ಷ ಸರ್ಕಾರ ಆತ್ಮಹತ್ಯೆ ಮಾಡಿಕೊಂಡ ರೈತರ ಕುಟುಂಬಕ್ಕೆ ಕೊಡೋ ಪರಿಹಾರವನ್ನ 5 ಲಕ್ಷಕ್ಕೆ ಏರಿಸಿತು. ಸುದ್ದಿಯ ಮಟ್ಟಿಗೆ ಅಲ್ಲಿಗೆ ಮುಗೀತು, ಘೋಷಣೆ ಮುಖಪುಟದಲ್ಲೇ ಬಂತು. ಆದ್ರೆ ಹಣ ಬರಬೇಕಾದ್ರೆ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ ಕೂತು "ಇದು ಸಾಲದ ಬಾಧೆಯಿಂದ ಆದ ರೈತ ಆತ್ಮಹತ್ಯೆ ಹೌದು" ಅಂತ ಒಪ್ಪಬೇಕು. ಅದಕ್ಕೆ ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ಪ್ರಯೋಗಾಲಯದ ವರದಿ, ಪಹಣಿ, ವಂಶವೃಕ್ಷ, ಸಾಲದ ದಾಖಲೆ ಎಲ್ಲ ಬೇಕು. ಸಮಿತಿ ಕೇಳೋದೂ ಅದೇ ಪ್ರಶ್ನೆ ನೋಡಿ, "ಏಕೆ?" ಆದ್ರೆ ಅವರಿಗೆ ಉತ್ತರ ಕಾಗದದಲ್ಲಿ ಬೇಕು.

ನವೆಂಬರಲ್ಲಿ ಬೇರೆ ಯಾವುದೋ ಸುದ್ದಿಗೆ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಹೊರಗೆ ಹೊಂಗೆ ಮರದ ಕೆಳಗೆ ಅರ್ಜಿ ಬರೆಯೋರ ಪಕ್ಕ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರ್ ಹಿಡಿದು ಕೂತಿದ್ರು. ನಾನು ದಾಟಿ ಹೋಗ್ತಿದ್ದಾಗ, "ಮೇಡಂ, ನೀವು ಪೇಪರ್‌ನೋರಲ್ವಾ? ನಮ್ಮನೆಗೆ ಬಂದಿದ್ರಿ" ಅಂದ್ರು. ಅವರೇ. ಜುಲೈನಲ್ಲಿ ಗೋಡೆಗೆ ಒರಗಿ ಕೂತಿದ್ದವರು.

ಕವರ್ ಬಿಚ್ಚಿ ತೋರಿಸಿದ್ರು. ಎಲ್ಲ ಕಾಗದದ ಮೇಲೆ ನಮ್ಮ ಪೇಪರಿನ ಆ ತುಣುಕು, ಲ್ಯಾಮಿನೇಷನ್ ಮಾಡಿಸಿಟ್ಟಿದ್ರು. ನಾನು ಬರೆದ ಯಾವುದನ್ನೂ ಅದಕ್ಕಿಂತ ಮುಂಚೆ ಯಾರೂ ಲ್ಯಾಮಿನೇಷನ್ ಮಾಡಿಸಿರಲಿಲ್ಲ. ಅವರ ಅರ್ಜಿ ವಾಪಸ್ ಬಂದಿತ್ತಂತೆ, ಸಾಲಕ್ಕೆ ದಾಖಲೆ ಇಲ್ಲ ಅಂತ. ಪೇಪರಲ್ಲಿ ಬಂದಿದೆಯಲ್ಲ ಸ್ವಾಮಿ, ಮೂರು ಲಕ್ಷ ಅಂತ, ಎಂದು ಇದನ್ನ ತೋರಿಸಿದ್ದಕ್ಕೆ ಒಳಗೆ ಒಬ್ಬರು ಓದಿ, "ಪೇಪರಲ್ಲೂ ಎನ್ನಲಾಗಿದೆ ಅಂತಲೇ ಐತಲ್ಲಮ್ಮ. ಅಂದ್ರೆ ಗ್ಯಾರಂಟಿ ಇಲ್ಲ ಅಂತ" ಅಂದ್ರಂತೆ.

ಪೇಪರ್ ತುಣುಕು ದಾಖಲೆ ಅಲ್ಲ, ಅದರಲ್ಲಿ ಏನು ಬರೆದಿದ್ರೂ ಸಮಿತಿಗೆ ಸಾಲಲ್ಲ ಅನ್ನೋದು ನನಗೆ ಗೊತ್ತಿತ್ತು. ಅದನ್ನೇ ಹೇಳೋಕೆ ಹೊರಟೆ. ಅವರು ಕೇಳಿದ್ದು ಬೇರೆ.

"ಮೇಡಂ, ಎನ್ನಲಾಗಿದೆ ಅಂದ್ರೆ ಏನು?"

"ಹಾಗಂತ ಜನ ಹೇಳ್ತಾರೆ ಅಂತ..."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಜನ ಯಾಕೆ ಏಳ್ಬೇಕು? ನಾನೇ ಏಳ್ತೀನಿ, ಬರ್ಕೊಳಿ" ಅಂದ್ರು.

ಎಂ.ಎ.ಯ ನಾಲ್ಕು ಸೆಮಿಸ್ಟರ್ ಒಂದು ಕಡೆ, ಈ ಮಾತು ಒಂದು ಕಡೆ. ನಾಲ್ಕು ದಿನ ಬಿಟ್ಟು, ನನ್ನ ವಾರದ ರಜೆ ದಿನ, ಬಸ್ ಹತ್ತಿ ಆ ಊರಿಗೆ ಹೋದೆ. ಯಾರೂ ಕಳಿಸಿರಲಿಲ್ಲ. ಜಗಲಿ ಖಾಲಿ ಇತ್ತು. ಮುಖಂಡರಿಲ್ಲ, ಕುರ್ಚಿಗಳಿಲ್ಲ. ಅತ್ತೆ ಹಸುವಿಗೆ ಹುಲ್ಲು ಹಾಕ್ತಿದ್ದವರು ನನ್ನ ನೋಡಿ, "ಮತ್ತೆ ಯಾಕವ್ವ ಬಂದೆ? ಒಂದ್ಸಲ ಬಂದೋರು ಯಾರೂ ತಿರುಗಿ ಬಂದಿಲ್ಲ" ಅಂದ್ರು. ಬೈದಿದ್ದಲ್ಲ, ನಿಜವಾಗ್ಲೂ ಆಶ್ಚರ್ಯ ಅವರಿಗೆ.

ಅಡುಗೆಮನೆಯಲ್ಲಿ ಕೂತ್ವಿ. ಸಾಲದ ಲೆಕ್ಕ ಜಗಲಿಯಲ್ಲಿ ಇರಲ್ಲ, ಅಡುಗೆಮನೆಯಲ್ಲಿ ಇರುತ್ತೆ ಅಂತ ಅವತ್ತು ತಿಳೀತು. ಜುಲೈನಲ್ಲಿ ಮಾತಾಡಿದ ಗಂಡಸರಿಗೆ "ಸುಮಾರು ಮೂರು ಲಕ್ಷ" ಅಷ್ಟೇ ಗೊತ್ತಿದ್ದಿದ್ದು. ಈಯಮ್ಮನಿಗೆ ಒಂದೊಂದೂ ಗೊತ್ತಿತ್ತು. ಸ್ವಸಹಾಯ ಸಂಘದ ಸಾಲ 40 ಸಾವಿರ, ಬೋರ್‌ವೆಲ್ ಕೊರೆಸೋಕೆ. ಅದು ಇವರ ಹೆಸರಲ್ಲಿ, ಪಾಸ್‌ಬುಕ್ ಇದೆ. ಓಲೆ, ಸರ ಗಿರವಿ ಇಟ್ಟಿದ್ದು 55 ಸಾವಿರ, ಚೀಟಿ ಇವರ ಹೆಸರಲ್ಲಿ. ಗೊಬ್ಬರದ ಅಂಗಡಿ ಬಾಕಿ 18,500, ಅಂಗಡಿಯವರ ಪುಸ್ತಕದಲ್ಲಿ. ಕೈಸಾಲ ಎರಡು: ಒಬ್ಬರದು 80 ಸಾವಿರ, ಇನ್ನೊಬ್ಬರದು ಒಂದು ಲಕ್ಷ. ಇವಕ್ಕೆ ಕಾಗದ ಇಲ್ಲ. ಹಾಲಿನ ಡೇರಿಯ ಕಾರ್ಡಿನ ಹಿಂದೆ ಅವರ ಯಜಮಾನರು ಪೆನ್ಸಿಲಲ್ಲಿ ಬರೆದಿಟ್ಟ ಲೆಕ್ಕ ಅಷ್ಟೇ. ಒಟ್ಟು 2,93,500. ಸತ್ತವರ ಹೆಸರಲ್ಲಿ ದಾಖಲೆ ಪ್ರಕಾರ ಒಂದು ರೂಪಾಯಿ ಸಾಲವೂ ಇರಲಿಲ್ಲ. ಅವರ ಹೆಸರಲ್ಲಿದ್ದ ಒಂದೇ ಕಾಗದ ಕಾರ್ಖಾನೆಗೆ ಕಬ್ಬು ಹಾಕಿದ ತೂಕದ ಚೀಟಿ.

ಬ್ಯಾಂಕ್ ಸಾಲ ಯಾಕೆ ಮಾಡಲಿಲ್ಲ ಅಂತ ಕೇಳಿದೆ. ಅತ್ತೆ ಒಳಗಿಂದ ಪಹಣಿ ತಂದ್ರು. ಜಮೀನು ಇನ್ನೂ ಮಾವನ ಹೆಸರಲ್ಲೇ ಇತ್ತು. ಅವರು ಹೋಗಿ ಒಂಬತ್ತು ವರ್ಷ. ಅಣ್ಣತಮ್ಮಂದಿರ ಸಹಿ ಕೂಡಿ ಬರದೆ ಪೌತಿ ಖಾತೆ ಆಗಿರಲಿಲ್ಲ. ಅಲ್ಲಿಗೆ ನನಗೆ ಇಡೀ ಸರಪಳಿ ಕಾಣಿಸಿತು. ಪಹಣಿ ಹೆಸರಲ್ಲಿಲ್ಲ, ಅದಕ್ಕೇ ಬ್ಯಾಂಕ್ ಸಾಲ ಇಲ್ಲ. ಬ್ಯಾಂಕ್ ಸಾಲ ಇಲ್ಲ, ಅದಕ್ಕೇ ಕೈಸಾಲ. ಕೈಸಾಲಕ್ಕೆ ಕಾಗದ ಇಲ್ಲ, ಅದಕ್ಕೇ ಪರಿಹಾರ ಇಲ್ಲ. ನಾವು ಪೇಪರಿನವರು ಒಂದು ಪದದಲ್ಲಿ ಮುಗಿಸೋದರ ಒಳಗೆ ಇಷ್ಟೆಲ್ಲ ಇರುತ್ತೆ.

ಮುಂದಿನ ಎರಡು ವಾರ ಸಿಕ್ಕ ಸಿಕ್ಕ ಹೊತ್ತಲ್ಲಿ ಒಂದೊಂದು ಕಡೆ ಹೋದೆ. ಸಂಘದ ಪ್ರತಿನಿಧಿ ಪುಸ್ತಕ ತೋರಿಸಿದ್ರು. ಗಿರವಿ ಅಂಗಡಿಯವರು ಚೀಟಿ ತಮ್ಮದೇ ಅಂದ್ರು. ಗೊಬ್ಬರದ ಅಂಗಡಿಯವರು ತಾವಾಗೇ ಇನ್ನೂ ನಾಲ್ಕು ಮನೆಗಳ ಬಾಕಿ ಹೇಳೋಕೆ ಶುರು ಮಾಡಿದ್ರು. 80 ಸಾವಿರ ಕೊಟ್ಟವರು ದೂರದ ನೆಂಟರು, "ಕೊಟ್ಟಿದ್ದು ನಿಜ, ಹೆಸರು ಹಾಕ್ಕೊಳಿ" ಅಂದ್ರು. ಒಂದು ಲಕ್ಷದವರು ಮಾತ್ರ ಬಾಗಿಲು ತೆಗೆಯಲಿಲ್ಲ. ಹೆಚ್ಚು ಬಡ್ಡಿ ಹಾಕೋರ ಮೇಲೆ ಕೇಸು ಹಾಕೋಕೆ 2004ರ ಕಾಯ್ದೆ ಇದೆ, ಆ ವರ್ಷ ಎಲ್ಲರಿಗೂ ಅದರ ಭಯ. ಭಯ ಇದ್ದಿದ್ದು ಒಳ್ಳೇದೇ. ಆದ್ರೆ ಆ ಭಯಕ್ಕೇ ಸಾಲದ ಕೊನೇ ಸಾಕ್ಷಿಯೂ ಬಾಯಿ ಮುಚ್ಚಿಕೊಳ್ತು.

ಐನೂರು ಪದ ಬರೆದೆ. ಡೆಸ್ಕಿನವರು 180ಕ್ಕೆ ಇಳಿಸಿದ್ರು. ಬೈಲೈನ್ ಇಲ್ಲ. ನಾಲ್ಕನೇ ಪುಟದ ಕೆಳಗೆ, ಕೋಚಿಂಗ್ ಸೆಂಟರಿನ ಜಾಹೀರಾತಿನ ಪಕ್ಕ, ಎರಡು ಕಾಲಂ. ತಲೆಬರಹ ಅವರೇ ಕೊಟ್ಟಿದ್ದು: "ಸಾಲ ಮನೆಯದು, ದಾಖಲೆ ಯಾರದ್ದೂ ಅಲ್ಲ". ಚೆನ್ನಾಗಿತ್ತು. ಡೆಸ್ಕಿನವರನ್ನ ಬೈಯೋದು ವರದಿಗಾರರ ಹುಟ್ಟುಗುಣ, ಇವತ್ತಿಗೂ ಬೈತೀನಿ, ಆದ್ರೆ ಆ ತಲೆಬರಹ ನನ್ನ ಕೈಲಿ ಆಗ್ತಿರಲಿಲ್ಲ. 1,93,500 ರೂಪಾಯಿಯ ಲೆಕ್ಕದಲ್ಲಿ ಎಲ್ಲೂ "ಎನ್ನಲಾಗಿದೆ" ಇರಲಿಲ್ಲ. ಬಾಗಿಲು ತೆಗೆಯದವರ ಒಂದು ಲಕ್ಷದ ಮುಂದೆ ಮಾತ್ರ ಇತ್ತು. ಅಲ್ಲಿ ಅದು ಇರಬೇಕಿತ್ತು.

ಆ ಕಡತ ಮತ್ತೆ ಸಮಿತಿ ಮುಂದೆ ಬಂತು. ನನ್ನ ಸುದ್ದಿಯಿಂದಲೇ ಬಂತು ಅಂತ ನಾನು ಹೇಳಲ್ಲ. ರೈತ ಸಂಘದವರು ಓಡಾಡಿದ್ರು, ಕಚೇರಿಯಲ್ಲೂ ಯಾರೋ ಒಬ್ಬರು ಆಸಕ್ತಿ ತಗೊಂಡು ಕಾಗದಗಳನ್ನ ಜೋಡಿಸಿಕೊಟ್ಟಿದ್ರು. ಪರಿಹಾರ ಕೈಸೇರೋಕೆ ಇನ್ನೊಂದು ಬೇಸಿಗೆ ಕಳೀತು. ಓಲೆ ಬಿಡಿಸಿಕೊಂಡ್ರು, ಸರ ಹರಾಜಾಗಿ ಹೋಗಿತ್ತು. ಪೌತಿ ಖಾತೆಗೆ ಅರ್ಜಿ ಹಾಕಿದ್ರು. ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗ ಅತ್ತೆ ಮೇಷ್ಟ್ರ ಕೈಲಿ ಹೇಳಿ ಕಳಿಸಿದ್ರು. ಇದನ್ನ ಗೆಲುವು ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ಹೋದವರು ಹೋಗಿಯೇ ಇದ್ರು.

ಮತ್ತೆ ಇನ್ನೊಂದು ಮಾತು. ಆ ಮನೆಯ ಸಾಲದ ಲೆಕ್ಕ ಪೂರ್ತಿ ಗೊತ್ತಾದ ಮೇಲೂ "ಏಕೆ" ಪೂರ್ತಿ ಗೊತ್ತಾಯ್ತು ಅಂತ ನನಗೆ ಅನಿಸಿಲ್ಲ. ಅಷ್ಟೇ ಸಾಲ ಇದ್ದ ಪಕ್ಕದ ಮನೆಯವರು ಬದುಕಿದ್ದಾರೆ. ಒಂದು ಸಾವಿಗೆ ಒಂದೇ ಕಾರಣ ಅಂತ ಬರೆಯಬೇಡಿ ಅಂತ ಮಾನಸಿಕ ಆರೋಗ್ಯದವರು ಹೇಳೋದು ಇದಕ್ಕೇ ಇರಬೇಕು. ವರದಿಗಾರರ ಕೈಲಾಗೋದು ಇಷ್ಟೇ: ಕಾರಣದ ಸುತ್ತ ಇರೋದರಲ್ಲಿ ಎಷ್ಟನ್ನ ಗಟ್ಟಿ ಮಾಡಿಕೊಳ್ಳಬಹುದೋ ಅಷ್ಟನ್ನ ಗಟ್ಟಿ ಮಾಡಿಕೊಳ್ಳೋದು, ಉಳಿದದ್ದನ್ನ ಗೊತ್ತಿಲ್ಲ ಅಂತಲೇ ಬಿಡೋದು.

ಆ ವರ್ಷದ ಕೊನೆಗೆ ಮನೆಯಲ್ಲಿ ದೊಡ್ಡ ಮಾತುಕತೆ ಆಯ್ತು. ಅಪ್ಪ ಬೈಯಲಿಲ್ಲ, ಲೆಕ್ಕ ಹೇಳಿದ್ರು. ರೂಮ್ ಬಾಡಿಗೆ ಇಷ್ಟು, ಊಟ ಇಷ್ಟು, ಓಡಾಟ ಇಷ್ಟು, ಉಳಿಯೋದು 1,200. "ನೆಟ್ ಬರೆದು ಲೆಕ್ಚರರ್ ಆಗಬಹುದಲ್ಲ ಮಗಳೇ, ಇದನ್ನೇ ಪಾಠ ಮಾಡ್ಕೊಂಡು ಇರಬಹುದು." ಅವರು ಹೇಳಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ನೆಟ್ ಪುಸ್ತಕ ತಂದೆ, ಓದಿದೆ ಕೂಡ. ಆದ್ರೆ ಫಾರಂ ತುಂಬೋ ವಾರ ಮೇಷ್ಟ್ರ ಫೋನ್ ಬಂತು. "ಪೌತಿ ಖಾತೆ ಆಗದೆ ಉಳಿದಿರೋ ಮನೆಗಳು ನಮ್ಮ ಹೋಬಳಿಲಿ ಎಷ್ಟಿವೆ ಅಂತ ಪಟ್ಟಿ ಮಾಡಿದ್ದೀನಿ. ನೋಡ್ತೀರಾ?" ಹೈಸ್ಕೂಲು ನೋಟ್‌ಬುಕ್ಕಿನ ಹನ್ನೊಂದು ಹಾಳೆ! ಬೈಲೈನ್ ಇಲ್ಲದ, ಸಂಬಳ ಇಲ್ಲದ ಮನುಷ್ಯ ಮನೆಮನೆ ತಿರುಗಿ ಮಾಡಿದ ಪಟ್ಟಿ. ಆ ವರ್ಷ ಫಾರಂ ತುಂಬಲಿಲ್ಲ. ಮುಂದಿನ ವರ್ಷವೂ ತುಂಬಲಿಲ್ಲ.

ಈಗ ಕೆಲಸ ಬಹಳ ಬದಲಾಗಿದೆ. ಪೊಲೀಸ್ ಪ್ರಕಟಣೆ ವಾಟ್ಸಪ್ಪಲ್ಲಿ ಬರುತ್ತೆ, ಸಭೆಯ ವರದಿ ಸಂಘಟಕರೇ ಬರೆದು ಫೋಟೊ ಸಮೇತ ಕಳಿಸ್ತಾರೆ. ಕುರ್ಚಿಯಿಂದ ಏಳದೆ ದಿನಕ್ಕೆ ಎಂಟು ಸುದ್ದಿ ಕಳಿಸಬಹುದು, ಕಳಿಸೋರೂ ಇದ್ದಾರೆ. ಆರರಲ್ಲಿ ಐದು ಪ್ರಶ್ನೆಗೆ ಉತ್ತರ ಮೊಬೈಲಿಗೇ ಬಂದು ಬೀಳುತ್ತೆ. 2025ರ ಫೆಬ್ರುವರಿಯಲ್ಲಿ ಮೈಕ್ರೊಫೈನಾನ್ಸ್ ವಸೂಲಿಯ ಕಿರುಕುಳ ತಡೆಯೋಕೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ನಮ್ಮ ಆಫೀಸಿನ ಹೊಸ ಹುಡುಗಿ ಪ್ರಕಟಣೆ ನೋಡಿ ಹತ್ತು ನಿಮಿಷದಲ್ಲಿ ಅಚ್ಚುಕಟ್ಟಾಗಿ ಸುದ್ದಿ ಮಾಡಿದಳು. ಓದಿದೆ, ಒಂದು ತಪ್ಪಿರಲಿಲ್ಲ. "ಚೆನ್ನಾಗಿದೆ. ನಾಳೆ ಯಾರದಾದ್ರೂ ಅಡುಗೆಮನೆಗೆ ಹೋಗಿ ಬಾ" ಅಂದೆ. ಅವಳಿಗೆ ನಾನು ಯಾವುದೋ ಹೊಸ ರುಚಿ ಅಂಕಣದ ಬಗ್ಗೆ ಹೇಳ್ತಿದ್ದೀನಿ ಅನ್ಸಿತಂತೆ :-)

ಹೋಗಿ ಬಂದಳು. ಬಂದು ಏನೂ ಮಾತಾಡದೆ ಕೂತಳು. ಸಂಜೆ ಅವಳ ಕಾಪಿ ಬಂತು. ಅದರಲ್ಲಿ ವಾರದ ಕಂತಿನ ದಿನ ಬೆಳಿಗ್ಗೆ ಮನೆಯಲ್ಲಿ ಏನೇನು ನಡೆಯುತ್ತೆ ಅನ್ನೋದು ಒಬ್ಬ ಹೆಂಗಸಿನ ಮಾತಲ್ಲಿ, ಅವರ ಒಪ್ಪಿಗೆಯಿಂದ, ಅವರ ಹೆಸರಲ್ಲೇ ಇತ್ತು.

ಪತ್ರಿಕೋದ್ಯಮ ಓದ್ತಿರೋ ಹುಡುಗ ಹುಡುಗೀರು ಆಗಾಗ ಕೇಳ್ತಾರೆ, "ಮೇಡಂ, ಈ ಫೀಲ್ಡಿಗೆ ಬರಬಹುದಾ?" ಸಂಬಳ ಕಡಿಮೆ, ಮನೆಯವರಿಗೆ ಬೇಜಾರು, ಹಬ್ಬದ ದಿನ ಡ್ಯೂಟಿ, ಎಲ್ಲ ಮೊದಲೇ ಹೇಳಿಬಿಡ್ತೀನಿ. ಮುಚ್ಚಿಡೋದು ಅನ್ಯಾಯ. ಅದಾದ ಮೇಲೂ ಬಂದೇ ಬರ್ತೀನಿ ಅನ್ನೋರಿಗೆ ಒಂದೇ ಒಂದು ಅಭ್ಯಾಸ ಹೇಳಿಕೊಡ್ತೀನಿ. ನನ್ನ ಡೈರಿಯಲ್ಲಿ ನಾನು ಮಾಡೋದು ಅದು. ಕಳಿಸಿದ ಸುದ್ದಿಯಲ್ಲಿ "ಎನ್ನಲಾಗಿದೆ" ಎಲ್ಲೆಲ್ಲಿ ಬಂದಿದೆಯೋ ಅದರ ಪಕ್ಕ ಒಂದು ಹೆಸರು ಬರೆದಿಡ್ತೀನಿ, ಇದು ನಿಜವಾಗಿ ಯಾರಿಗೆ ಗೊತ್ತಿರುತ್ತೆ ಅಂತ. ಎಲ್ಲರ ಹತ್ರ ಹೋಗೋಕೆ ಆಗಲ್ಲ. ಹತ್ತರಲ್ಲಿ ಒಬ್ಬರ ಹತ್ರ ಹೋದ್ರೆ ಹೆಚ್ಚು. ಈ ತಿಂಗಳ ಪುಟದಲ್ಲಿ ಹದಿನಾಲ್ಕು ಹೆಸರಿವೆ, ಎರಡಕ್ಕೆ ಗೆರೆ ಎಳೆದಿದ್ದೀನಿ. ಮೂರನೇದಕ್ಕೆ ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋಗಬೇಕು.

ನಿಮ್ಮ ನಿಮ್ಮ ಕೆಲಸದಲ್ಲೂ ಇಂಥದ್ದೊಂದು ಪದ ಇದ್ದೇ ಇರುತ್ತೆ ಅಂತ ನನ್ನ ಗುಮಾನಿ. ಬ್ಯಾಂಕಿನವರಿಗೆ ಒಂದು, ಮೇಷ್ಟ್ರುಗಳಿಗೆ ಒಂದು, ಸಾಫ್ಟ್‌ವೇರ್‌ನವರಿಗೆ ಒಂದು. ನಿಮ್ಮದು ಯಾವುದು, ಹೇಳ್ತೀರಾ?